ಉಪ್ಪುಂಟಾ?

ಹಿಡಿದವನು ನಾನೇ.
ಹೊಯಿಗೆಬಜಾರಿನ ನಮ್ಮ ಸಣ್ಣ ಇಗರ್ಜಿಯಲ್ಲಿ
ಸಂಜೆಯ ಗಂಟೆ ಹೊಡೆಯಲು ಹೋದಾಗ
ಸಂತ ಅಂತೋನಿಯವರ ಕಾಲಬುಡದಲ್ಲಿ
ಬಗ್ಗಿದ್ದ ಕೈತಾನ.
ಡಬ್ಬಿಯ ಸೀಳಿನೊಳಗೆ ತೆಂಗಿನ ಗರಿಯ ಕಡ್ಡಿ,
ಕಡ್ಡಿಯ ತುದಿಗೆ ಹಲಸಿನ ಮೇಣ,
ಮೇಣಕ್ಕೆ ಅಂಟಿ ಮೇಲೆ ಬರುತ್ತಿದ್ದ
ಹತ್ತು ರೂಪಾಯಿಯ ಹಳೇ ನೋಟು.

ಒಟ್ಟು ನೂರಹತ್ತು. ಎಣಿಸಿದವನೂ ನಾನೇ.
ಅಂಗಿ ಹಿಡಿದು ಪಾದ್ರಿಯ ಬಂಗ್ಲೆಗೆ ಎಳೆದೆ.
ವಾರ್ಡಿನ ಗುರಿಕಾರನಲ್ಲವೇ,
ಎದೆ ಒಂದಿಂಚು ಉಬ್ಬಿತ್ತು, ಸುಳ್ಳು ಯಾಕೆ.
ಪಾದ್ರಿ ಕನ್ನಡಕ ಒರೆಸುತ್ತಲೇ ಕೂತರು.
ಕೊನೆಗೆ, ಪೊಲೀಸು ಬೇಡ ಬೊನಿಫಾಸ್, ಅಂದರು.

ಮನೆಯಲ್ಲಿ ಸೆರಫಿನ್
ಮರದಹುಡಿಯ ಒಲೆ ತುಂಬಿಸುತ್ತಿದ್ದಳು.
ಎಲ್ಲ ಕೇಳಿ, ತಲೆ ಎತ್ತದೆ:
"ಡಬ್ಬಿಯ ಮೇಲೆ ಎಂತ ಬರೆದದ್ದುಂಟು?"
"ಬಡವರ ರೊಟ್ಟಿಗಾಗಿ."
"ಮತ್ತೆ? ವಿಳಾಸ ಸರಿಯೇ ಇತ್ತಲ್ಲ.
ಅಂಚೆಯವರು ತಡ ಮಾಡಿದ್ದೀರಿ, ಅಷ್ಟೆ."
"ಅವನು ಕುಡಿಯುತ್ತಾನೆ."
"ನಿಮ್ಮ ತಮ್ಮ ಹಾಲು ಕುಡಿಯುವುದಾ?"

ಕಡ್ಡಿ ಕಿತ್ತುಕೊಂಡಾಗ ಅಂಟಿದ ಮೇಣ
ನನ್ನ ಹೆಬ್ಬೆರಳಲ್ಲೇ ಉಳಿದಿತ್ತು.
ಸಾಬೂನಿಗೆ ಹೋಗಲಿಲ್ಲ.
ಅವಳೇ ತೆಂಗಿನೆಣ್ಣೆ ಹಚ್ಚಿ ತಿಕ್ಕಿದಳು,
ಮಾತಿಲ್ಲದೆ, ತುಸು ಜೋರಾಗಿಯೇ.

ಮರುದಿನ ಬುತ್ತಿಪಾತ್ರೆ ತಯಾರು.
ಕೆಳಗೆ ಕುಚ್ಚಲಕ್ಕಿಯ ಗಂಜಿ,
ಮೇಲೆ ಒಣಸಿಗಡಿ ಚಟ್ನಿ,
ಬಿಂಬುಳಿಯ ಎರಡು ಹೋಳು.
"ನಾನ್ಯಾಕೆ ಹೋಗಬೇಕು?" ಅಂದೆ.
"ಎಳೆದುಕೊಂಡು ಹೋದ ಕೈ ಯಾರದ್ದು?"

ನದಿಬದಿಯಲ್ಲಿ, ಮುಚ್ಚಿದ ಹಂಚಿನ ಕಾರ್ಖಾನೆಯ
ಗೋಡೆಗೆ ಆನಿಸಿ ಕಟ್ಟಿದ ಮಾಡು.
ಅಲ್ಲೇ ಇಪ್ಪತ್ತೆರಡು ವರ್ಷ
ಹಸಿ ಹಂಚಿಗೆ ಮುದ್ರೆ ಒತ್ತಿದವನು ಕೈತಾನ.
ಊರಿಡೀ ಮಳೆ ತಡೆಯುವ ಮಾಡುಗಳಲ್ಲಿ
ಅವನ ಅಂಗೈಯ ಒತ್ತು ಇದ್ದೀತು.
ಅವನ ತಲೆಯ ಮೇಲೆ ತಗಡು.
ಹೆಂಡತಿ ಮಗುವನ್ನು ಎತ್ತಿಕೊಂಡು
ತಾಯಿಮನೆಗೆ ಹೋಗಿ ಎರಡು ಚೌತಿ ಕಳೆದಿತ್ತು.

ಉಂಡ. ನನ್ನ ಮುಖ ನೋಡಲಿಲ್ಲ.
ನಾನು ನದಿ ನೋಡಿದೆ.
ಪಾತ್ರೆಯ ತಳದಲ್ಲಿ ಉಳಿದ ತಿಳಿಯನ್ನು
ದಾರಿಯಲ್ಲಿ ನೆಕ್ಕಿದರೆ, ಸಪ್ಪೆ!
"ಗಂಜಿಗೆ ಉಪ್ಪೇ ಹಾಕಿಲ್ಲ ಮಾರಾಯ್ತಿ."
"ಗೊತ್ತುಂಟು."

ಎರಡನೇ ದಿನವೂ ಸಪ್ಪೆ. ಮೂರನೇ ದಿನವೂ.
ಅವನು ಚಕಾರ ಎತ್ತದೆ ನುಂಗುತ್ತಿದ್ದ,
ಶಿಕ್ಷೆ ನುಂಗುವ ಹಾಗೆ.
ನಾಲ್ಕನೇ ಬೆಳಿಗ್ಗೆ ಸೆರಫಿನ್
ಕಾಗದದ ಪೊಟ್ಟಣವೊಂದು ನನ್ನ ಕಿಸೆಗೆ ತುರುಕಿದಳು.
"ಕೇಳಿದರೆ ಮಾತ್ರ ಕೊಡಿ.
ಬೇಡಿ ತಿನ್ನುವವನು ಉಪ್ಪು ಕೇಳುವುದಿಲ್ಲ.
ಮನೆಯವನು ಕೇಳುತ್ತಾನೆ."

ಪ್ರಸಂಗಗಳಲ್ಲಿ ಉಪ್ಪಿನ ಮಾತು
ಐವತ್ತು ವರ್ಷ ಕೇಳಿದ್ದೇನೆ, ಮುಂದಿನ ಬೆಂಚಿನಲ್ಲೇ ಕೂತು.
ಅದು ಕಿಸೆಯಲ್ಲಿ ಇಷ್ಟು ಭಾರವೆಂದು
ಯಾರೂ ಹೇಳಿರಲಿಲ್ಲ.
ಐದು ದಿನ ಹೊತ್ತೆ.
ಬೆವರಿಗೆ ಪೊಟ್ಟಣ ಒದ್ದೆಯಾಗಿ
ಅಂಗಿಯ ಮೇಲೆ ಬಿಳಿ ಕಲೆ ಕೂತಿತು.

ಒಂಬತ್ತನೇ ದಿನ, ಶುಕ್ರವಾರ,
ಒಂದು ತುತ್ತು ಬಾಯಿಗಿಟ್ಟವನು ತಡೆದ.
ಪಾತ್ರೆ ಕೆಳಗಿಟ್ಟ.
ಬೈಯುತ್ತಾನೇನೋ ಅಂದುಕೊಂಡೆ, ಬೈದರೂ ಆದೀತು ಅನಿಸಿತು.
"ಬೊನಾಬ್," ಅಂದ, "ಉಪ್ಪುಂಟಾ?"

ಗಡಿಬಿಡಿಯಲ್ಲಿ ಪೊಟ್ಟಣ ಹರಿದು
ಅರ್ಧ ಉಪ್ಪು ಹೊಯಿಗೆಗೆ ಬಿತ್ತು.
ಉಳಿದದ್ದನ್ನು ಅವನ ಅಂಗೈಗೆ ಸುರಿದೆ.
"ನಿಮ್ಮವಳಿಗೆ ಮರೆವು ಶುರುವಾಗಿದೆ,
ಡಾಕ್ಟರಿಗೆ ತೋರಿಸಿ," ಅಂದ.
ತೋರಿಸುತ್ತೇನೆ ಅಂದೆ.
ನನಗೂ ಹಸಿವೆಯಾಗಿತ್ತು. ಮುಚ್ಚಳದಲ್ಲಿ ಸ್ವಲ್ಪ ಹಾಕಿಕೊಟ್ಟ.

ಮನೆಗೆ ಬಂದು ಹೇಳಿದರೆ
ಸೆರಫಿನ್ ಬೂತಾಯಿಯ ಹುರುಪೆ ತೆಗೆಯುತ್ತಿದ್ದಳು,
ತೆಗೆಯುತ್ತಲೇ ಇದ್ದಳು.
"ಸರಿ. ನಾಳೆಯಿಂದ ಇಲ್ಲಿಗೇ ಬರಲಿ.
ಬಟ್ಟಲು ಅವನೇ ತೊಳೆಯಬೇಕು ಅಂತ ಹೇಳಿ.
ಮತ್ತೆ ನೀವು,
ಆ ಅಂಗಿ ಬಿಚ್ಚಿ ಇಡಿ, ಒಗೆಯಲಿಕ್ಕುಂಟು."